ಕಿರುನಾಕ್ಕೆ ಹೋಗುವವರು ಹಳೆ ಮ್ಯಾಪ್ ನಂಬಬೇಡಿ

ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ಹತ್ತಿ, ಸುಮಾರು 15 ಗಂಟೆ ಕೂತು ಮಲಗಿ, ಬೆಳಿಗ್ಗೆ ಕಿರುನಾದಲ್ಲಿ ಇಳಿದೆ. ನಾನು ಬುಕ್ ಮಾಡಿದ್ದ ರೂಮಿನವರು ಕಳಿಸಿದ ಮ್ಯಾಪ್ ಪ್ರಕಾರ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಸುತ್ತ ನೋಡಿದರೆ ಊರೇ ಇಲ್ಲ! ಮ್ಯಾಪ್‌ನಲ್ಲಿ ಇದ್ದದ್ದು ಹಳೆ ಸ್ಟೇಷನ್. 2013ರಿಂದ ರೈಲು ಊರಾಚೆ ನಿಲ್ಲುತ್ತಿದೆ. ಫೋನ್ ತಿರುಗಿಸುತ್ತಾ ನಿಂತಿದ್ದಾಗ ಊರೊಳಗೆ ಹೋಗುವ ಬಸ್ಸು ಕಣ್ಣೆದುರೇ ಹೊರಟುಹೋಯಿತು. ನೀವು ಇಳಿದ ಕೂಡಲೇ ಮೊದಲು ಬಸ್ ಹತ್ತಿ, ಫೋಟೋ ಆಮೇಲೆ.

ಹೋಗುವ ಮೊದಲು ಊರು ಯಾಕೆ ಜಾಗ ಬಿಡುತ್ತಿದೆ ಅಂತ ತಿಳಿದಿದ್ದರೆ ನೋಡುವುದು ಬೇರೆಯೇ ಆಗುತ್ತದೆ. ಕಿರುನಾ ಇರುವುದು ಸ್ವೀಡನ್ನಿನ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ. 1900ರಲ್ಲಿ ಊರು ಹುಟ್ಟಿದ್ದೇ ಗಣಿಗಾಗಿ. ಇಲ್ಲಿನ ಕಬ್ಬಿಣದ ಅದಿರು ಸುಮಾರು 4 ಕಿಲೋಮೀಟರ್ ಉದ್ದ, 80 ಮೀಟರ್ ದಪ್ಪದ ಒಂದೇ ಹಲಗೆಯ ಹಾಗಿದೆ. ಅದು ನೆಟ್ಟಗೆ ನಿಂತಿಲ್ಲ, ಓರೆಯಾಗಿ ಊರಿನ ಕಡೆಗೇ ಇಳಿಯುತ್ತದೆ. ಕೆಳಗಿನಿಂದ ಅದಿರು ತೆಗೆದಂತೆ ಮೇಲಿನ ಬಂಡೆ ಕುಸಿದು ಆ ಜಾಗ ತುಂಬುತ್ತದೆ, ಬಿರುಕು ನೆಲದ ಮೇಲಕ್ಕೆ ಬರುತ್ತದೆ. ಗಣಿ ಆಳಕ್ಕೆ ಹೋದಷ್ಟೂ ಬಿರುಕು ಊರಿನೊಳಗೆ ಬರುತ್ತದೆ. ಈಗ ಗಣಿಯೊಳಗೆ ಅದಿರು ಸಾಗಿಸುವ ಮುಖ್ಯ ಮಟ್ಟವೇ 1365 ಮೀಟರ್ ಕೆಳಗಿದೆ. 2004ರಲ್ಲಿ ಗಣಿ ಕಂಪನಿ ಎಲ್‌ಕೆಎಬಿ, ಊರು ಸರಿಯಬೇಕು ಎಂದು ಹೇಳಿತು. ನಮ್ಮಲ್ಲಿ ಮುಳುಗಡೆ ಊರು ಅಂತಾರಲ್ಲ, ಇಲ್ಲಿ ನೀರಿನ ಬದಲು ನೆಲವೇ ಬಾಯಿ ಬಿಡುತ್ತಿದೆ ಅಷ್ಟೇ.

ನನ್ನ ಸಲಹೆ, ಹೊಸ ಊರಿನಿಂದ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಮಾಡುತ್ತಾರೆ. ಹಳೆ ಕಡೆಯಿಂದ ನಡೆದು ಬನ್ನಿ, ಮೂರು ಕಿಲೋಮೀಟರ್ ಅಷ್ಟೇ. ಬೇಲಿ ಹಾಕಿದ ಕಡೆ ಒಂದು ಮನೆಯ ಮೂರು ಮೆಟ್ಟಿಲು ಮಾತ್ರ ಉಳಿದಿತ್ತು. ಮೆಟ್ಟಿಲ ಪಕ್ಕ ಕಬ್ಬಿಣದ ಕೈಹಿಡಿ, ಬಣ್ಣ ಇನ್ನೂ ಮಾಸಿರಲಿಲ್ಲ. ಮೇಲೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ, ಹುಲ್ಲು. ನಾನು ಅಲ್ಲೇ ಎಷ್ಟೋ ಹೊತ್ತು ನಿಂತೆ. ನೀವು ಹೋಗುವ ಹೊತ್ತಿಗೆ ಅದೂ ಇರಲಿಕ್ಕಿಲ್ಲ. ಫೋಟೋಗೋಸ್ಕರ ಬೇಲಿ ದಾಟಬೇಡಿ, ಅದು ಸುಮ್ನೆ ಹಾಕಿದ ಬೇಲಿ ಅಲ್ಲ.

ಹೊಸ ಪೇಟೆ 2022ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ದುಂಡನೆಯ ಹೊಸ ಪುರಭವನ, ಅದರ ಪಕ್ಕದಲ್ಲಿ ಹಳೆ ಪುರಭವನದಿಂದ ತಂದು ನಿಲ್ಲಿಸಿದ ಗಡಿಯಾರದ ಗೋಪುರ. ಅಂಗಡಿ, ಹೋಟೆಲ್ ಎಲ್ಲ ಹತ್ತಿರ ಹತ್ತಿರ. ಚೆನ್ನಾಗಿದೆ, ನಿಜ. ಆದರೆ ಎರಡು ಗಂಟೆಗಿಂತ ಜಾಸ್ತಿ ಬೇಡ. ಗಾಳಿ ಮಾತ್ರ ಬೀದಿ ಹುಡುಕಿಕೊಂಡು ಬರುತ್ತದೆ, ನಾನು ಹೋಗಿದ್ದ ಸೆಪ್ಟೆಂಬರ್‌ನಲ್ಲೇ ಟೋಪಿ, ಕೈಗವಸು ಬೇಕಾಯಿತು. ಜೇಬಲ್ಲಿ ನೋಟು ತುಂಬಿಕೊಂಡು ಹೋಗಬೇಡಿ, ಕಾಫಿಗೂ ಕಾರ್ಡೇ ಉಜ್ಜಬೇಕು.

ಚರ್ಚ್ ನೋಡಲೇಬೇಕು. 1912ರಲ್ಲಿ ಮುಗಿದ ಮರದ ಕಟ್ಟಡ, 672 ಟನ್ ತೂಕ. 2025ರ ಆಗಸ್ಟ್ 19 ಮತ್ತು 20ರಂದು ಅದನ್ನು ಬಿಚ್ಚದೆ, ಇಡಿಯಾಗಿ ಗಾಲಿಗಳ ಮೇಲೆ ಕೂರಿಸಿ ಐದು ಕಿಲೋಮೀಟರ್ ಸಾಗಿಸಿದರು. ಅದಕ್ಕಾಗಿ 9 ಮೀಟರ್ ಇದ್ದ ರಸ್ತೆಯನ್ನು 24 ಮೀಟರ್ ಅಗಲ ಮಾಡಿದ್ದರು! ನಾನು ಹೋದಾಗ ಹೊರಗಿನಿಂದ ಮಾತ್ರ ನೋಡಲು ಸಿಕ್ಕಿತು. ಬಾಗಿಲು ತೆರೆಯುವುದು 2026ರ ಕೊನೆಗೆ ಅಂತ ಲೆಕ್ಕ, ಒಳಗೆ ನೋಡಲೇಬೇಕು ಅನ್ನುವವರು ವಿಚಾರಿಸಿಕೊಂಡು ಟಿಕೆಟ್ ಮಾಡಿ.

ಗಣಿಯೊಳಗೆ ಹೋಗುವ ಟೂರ್ ಇದೆ. ಬಸ್ಸಿನಲ್ಲೇ ನೆಲದಡಿ 540 ಮೀಟರ್ ಇಳಿಸುತ್ತಾರೆ. ಪ್ರವಾಸಿ ಕಚೇರಿಯಲ್ಲಿ ಮೊದಲೇ ಬುಕ್ ಮಾಡಿ, ಆ ದಿನ ಹೋಗಿ ಕೇಳಿದರೆ ಸಿಗದೇ ಇರಬಹುದು. ರಾತ್ರಿ ಕಿರುನಾದಲ್ಲೇ ಉಳಿಯಿರಿ. ಸುಮಾರು ಒಂದೂವರೆಗೆ ಕೆಳಗೆ ಗಣಿಯಲ್ಲಿ ಬಂಡೆ ಸಿಡಿಸುತ್ತಾರೆ. ನನಗೆ ಎಚ್ಚರವಾದದ್ದು ಸದ್ದಿಗಲ್ಲ, ಟೇಬಲ್ ಮೇಲಿದ್ದ ಲೋಟ ಚಮಚಕ್ಕೆ ತಾಗಿ ಟಿಣ್ ಅಂದದ್ದಕ್ಕೆ. ಮಂಚ ಒಂದು ಸಲ ನಡುಗಿತು, ಅಷ್ಟೇ. ಬೆಳಿಗ್ಗೆ ಕೆಫೆಯಲ್ಲಿ ಪಕ್ಕದ ಟೇಬಲ್ಲಿನ ಅಜ್ಜಿಗೆ ಹೇಳಿದರೆ, "ಅದು ಕೇಳಿಸದಿದ್ದರೆ ನಮಗೆ ನಿದ್ದೆ ಬರಲ್ಲ" ಅಂತ ನಕ್ಕರು.

ಆಕೆಯದ್ದೂ ಮನೆ ಹೋಗಿದೆ. ಮನೆ ಬಿಡುವವರಿಗೆ ಕಂಪನಿ ಕೊಡುವುದು ಎರಡು ಆಯ್ಕೆ, ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 25 ಜಾಸ್ತಿ ದುಡ್ಡು, ಇಲ್ಲವೇ ಬದಲಿ ಮನೆ. ಅವರು ಮನೆ ತಗೊಂಡಿದ್ದರು. "ಮನೆ ಬೆಚ್ಚಗಿದೆ. ಆದರೆ ಅಡುಗೆಮನೆ ಕಿಟಕಿಯಿಂದ ಗಣಿ ಗುಡ್ಡ ಕಾಣಲ್ಲ" ಅಂದರು. ಚರ್ಚ್ ಸಾಗಿಸಿದ ವಾರದ ನಂತರವೇ ಇನ್ನೂ ಸುಮಾರು 6000 ಜನ, 2700 ಮನೆಗಳು ಜಾಗ ಬಿಡಬೇಕಾಗುತ್ತದೆ ಅಂತ ಕಂಪನಿ ಹೇಳಿತು. ಇಲ್ಲಿ ಜನರನ್ನು ಮಾತಾಡಿಸುವಾಗ "ಹೊಸ ಊರು ಎಷ್ಟು ಚೆಂದ" ಅಂತ ಶುರು ಮಾಡಬೇಡಿ, ನಾನು ಮಾಡಿ ಪೆಚ್ಚಾದೆ. ಹಿಮಸಾರಂಗ ಸಾಕುವ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮಾತಂತೂ ಬೇರೆಯೇ. ಮನೆ ಸಾಗಿಸಬಹುದು, ಸಾರಂಗಗಳು ವಲಸೆ ಹೋಗುವ ದಾರಿಯನ್ನು ಎಲ್ಲಿಗೆ ಸಾಗಿಸುವುದು?

ಎರಡು ರಾತ್ರಿ ಸಾಕು. ವಾಪಸ್ ಬರುವ ಬದಲು ನಾರ್ವೆಯ ನಾರ್ವಿಕ್‌ಗೆ ರೈಲಿನಲ್ಲಿ ಹೋಗಿ, ಬಲಗಡೆ ಕೂತರೆ ದಾರಿಯಲ್ಲಿ ಬಹಳ ದೂರ ಟೋರ್ನೆಟ್ರೆಸ್ಕ್ ಸರೋವರ ಸಿಗುತ್ತದೆ. ನಮ್ಮ ರೈಲನ್ನು ಒಂದು ಕಡೆ ನಿಲ್ಲಿಸಿ ಅದಿರಿನ ಗಾಡಿಗೆ ದಾರಿ ಬಿಟ್ಟರು. ಎಣಿಸಿದೆ. ನಲವತ್ತರ ಹತ್ತಿರ ಲೆಕ್ಕ ತಪ್ಪಿತು. ಆಮೇಲೆ ಕೇಳಿ ತಿಳಿದುಕೊಂಡೆ, 68 ಬೋಗಿ, ಒಂದೊಂದರಲ್ಲಿ 100 ಟನ್. ಎರಡು ದಿನ ತೆವಳಿಸಿಕೊಂಡು ಬಂದ ಆ ಚರ್ಚಿನಂಥ ಹತ್ತು ಚರ್ಚಿನ ತೂಕ ಕಿಟಕಿಯಾಚೆ ದಡದಡ ಅಂತ ಹೋಯಿತು.