ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ನಂತರದ ಸುಸ್ತು: ನಡಿಗೆಯೊಂದೇ ಸಾಲದು

ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಅನೇಕರನ್ನು ನೋವಿಗಿಂತ ಹೆಚ್ಚಾಗಿ ಕಾಡುವುದು ಸುಸ್ತು. ರಾತ್ರಿಯಿಡೀ ಮಲಗಿ ಎದ್ದರೂ ಅದು ಹೋಗುವುದಿಲ್ಲ. "ನೀವು ಸುಮ್ಮನೆ ಮಲಗಿರಿ, ಕೆಲಸವೆಲ್ಲ ನಾವು ನೋಡಿಕೊಳ್ತೀವಿ" ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಲಗಿದಷ್ಟೂ ಈ ಸುಸ್ತು ಬಲಿಯುತ್ತದೆ.

ಆಪರೇಷನ್ ಆದವರ ನಿಶ್ಶಕ್ತಿ ಗಾಯ ಮಾಗಿದಂತೆ ಇಳಿಯುತ್ತದೆ. ರೇಡಿಯೇಷನ್‌ನ ಸುಸ್ತು ವಾರದಿಂದ ವಾರಕ್ಕೆ ಕೂಡುತ್ತಾ ಹೋಗಿ, ಕೊನೆಯ ವಾರಗಳಲ್ಲಿ ಹೆಚ್ಚಾಗಿರುತ್ತದೆ. ಆಮೇಲೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಗ್ಗುತ್ತದೆ. ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುವವರ ಕಥೆಯೇ ಬೇರೆ. ಆ ಇಂಜೆಕ್ಷನ್ ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಅನ್ನು ಬಹುತೇಕ ಇಲ್ಲವಾಗಿಸುತ್ತದೆ. ಮೊದಲ ವರ್ಷದಲ್ಲೇ ಸ್ನಾಯು ಕರಗಿ ಕೊಬ್ಬು ಸೇರುತ್ತದೆ, ಮೂಳೆ ಸವೆಯುತ್ತದೆ, ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತದೆ. ತೂಕದ ಯಂತ್ರದಲ್ಲಿ ಅಂಕಿ ಹಾಗೇ ಇದ್ದರೂ ಒಳಗೆ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದಿರಬಹುದು. ಮೆಟ್ಟಿಲು ಹತ್ತುವಾಗ ತೊಡೆ ನಡುಗುವುದು ಇದಕ್ಕೇ.

ಇದನ್ನು ವಯಸ್ಸಿನ ತಲೆಗೆ ಕಟ್ಟಿ ಕೈಬಿಡಬಾರದು. ಟೆಸ್ಟೋಸ್ಟೆರಾನ್ ಕಡಿಮೆ ಇರುವಾಗಲೂ ಭಾರದ ವ್ಯಾಯಾಮದಿಂದ ಸ್ನಾಯುವಿನ ಬಲ ಹೆಚ್ಚುತ್ತದೆ. ಹಾರ್ಮೋನ್ ಚಿಕಿತ್ಸೆಯಲ್ಲಿರುವವರ ಮೇಲೆಯೇ ನಡೆದ ಅಧ್ಯಯನಗಳು ಇದನ್ನು ತೋರಿಸಿವೆ. ನಡಿಗೆ ಬೇಕೇ ಬೇಕು: ವಾರಕ್ಕೆ ಕನಿಷ್ಠ 3 ದಿನ, 30 ನಿಮಿಷ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು ಅನ್ನುವಷ್ಟು ಬಿರುಸಾಗಿ. ಒಮ್ಮೆಗೇ ಆಗದಿದ್ದರೆ 10 ನಿಮಿಷದಂತೆ ಮೂರು ಸಲ. ಆದರೆ ಕರಗಿದ ತೊಡೆಯನ್ನು ನಡಿಗೆಯೊಂದೇ ಮರಳಿ ಕಟ್ಟಿಕೊಡುವುದಿಲ್ಲ. ಅದಕ್ಕೆ ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನ ಬಿಟ್ಟು, ಸ್ನಾಯುವಿಗೆ ಭಾರ ಕೊಡಲೇಬೇಕು.

ಶುರು ಮಾಡಲು ಒಂದು ಗಟ್ಟಿ ಕುರ್ಚಿ ಸಾಕು. ಅದನ್ನು ಗೋಡೆಗೆ ತಾಗಿಸಿಡಿ. ಪಾದಗಳನ್ನು ಭುಜದಷ್ಟು ಅಗಲಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. 8ರಿಂದ 12 ಸಲ, ಎರಡು ನಿಮಿಷ ವಿರಾಮ, ಮತ್ತೊಂದು ಸುತ್ತು. ಏಳಲು ಆಗದಿದ್ದರೆ ಸೀಟಿನ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿ. ಇದೇ ಲೆಕ್ಕದಲ್ಲಿ ಗೋಡೆಗೆ ಕೈಯೂರಿ ಪುಷ್‌ಅಪ್, ರಬ್ಬರ್ ಬ್ಯಾಂಡನ್ನು ಎದೆಯ ಕಡೆಗೆ ಎಳೆಯುವುದು, ಹಿಮ್ಮಡಿ ಎತ್ತುವುದು. ಸತತ ಎರಡು ಸಲ 12 ಸಲೀಸಾಗಿ ಆದರೆ ಕೈಯಲ್ಲಿ 1 ಕೆ.ಜಿ. ಹಿಡಿಯಿರಿ. ಸುತ್ತು ಮುಗಿದಾಗ ಇನ್ನು ಎರಡೇ ಎರಡು ಮಾಡಬಹುದಿತ್ತು ಅನ್ನಿಸಬೇಕು. ಹತ್ತು ಮಾಡಬಹುದಿತ್ತು ಅನ್ನಿಸಿದರೆ ಭಾರ ಸಾಲದು.

ಹೆಚ್ಚಿನವರು ಎಡವುವುದು ಮೈ ಹಗುರಾದ ದಿನ. ಅವತ್ತು ಎರಡರಷ್ಟು ಮಾಡಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಮರುದಿನ ಬೆಳಿಗ್ಗೆ ಎಂದಿಗಿಂತ ಹೆಚ್ಚು ದಣಿವಿದ್ದರೆ ಒಂದು ಸುತ್ತು ಕಡಿಮೆ ಮಾಡಿ, ನಿಲ್ಲಿಸಬೇಡಿ.

ಆಪರೇಷನ್ ಆದವರು ಮೊದಲ ಆರು ವಾರ ಭಾರ ಎತ್ತಬಾರದು, ಹೊಟ್ಟೆಯ ಗಾಯದಲ್ಲಿ ಹರ್ನಿಯಾ ಆಗಬಹುದು. ಆಗ ನಡಿಗೆಯಷ್ಟೇ ಸಾಕು. ಕ್ಯಾಥೆಟರ್ (ಮೂತ್ರ ಹೊರಹೋಗಲು ಹಾಕಿದ ನಳಿಕೆ) ತೆಗೆದ ಮೇಲೆ, ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿಯುವ ವ್ಯಾಯಾಮ ಶುರುಮಾಡಬಹುದು: 5 ಸೆಕೆಂಡ್ ಬಿಗಿ, ಅಷ್ಟೇ ಹೊತ್ತು ಸಡಿಲ, 10 ಸಲ, ದಿನಕ್ಕೆ ಮೂರು ಹೊತ್ತು. ಕುರ್ಚಿಯಿಂದ ಏಳುವ ಮುನ್ನ ಇದನ್ನೇ ಬಿಗಿಹಿಡಿದರೆ ಸೋರಿಕೆ ಕಡಿಮೆಯಾಗುತ್ತದೆ. ಉಸಿರು ಕಟ್ಟಿ ಎದ್ದರೆ ಮೂತ್ರಕೋಶದ ಮೇಲೆ ಒತ್ತಡ ಬಿದ್ದು ಸೋರುತ್ತದೆ. ಸೋರುತ್ತದೆಂದು ದಿನವಿಡೀ ನೀರು ಕುಡಿಯುವುದನ್ನು ಬಿಡುವುದು ಬೇಡ, ಅದರಿಂದ ಸುಸ್ತು ಹೆಚ್ಚುತ್ತದೆ. ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು.

ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಯಾವ ಮೂಳೆಗೆ ಭಾರ ಬೀಳಬಾರದೆಂದು ಡಾಕ್ಟರನ್ನು ಕೇಳದೆ ಶುರುಮಾಡಲೇಬೇಡಿ. ಹೊಸದಾಗಿ ತೀವ್ರ ಬೆನ್ನುನೋವು, ಕಾಲಲ್ಲಿ ಬಲ ಕುಸಿಯುವುದು, ಜೋಮು, ಮೂತ್ರ ಕಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು.

ಇಷ್ಟೆಲ್ಲ ಮಾಡಿದರೂ ಹೊಟ್ಟೆಗೆ ಪ್ರೋಟೀನ್ ಬೀಳದಿದ್ದರೆ ಸ್ನಾಯು ಬೆಳೆಯದು. ಮೂತ್ರಪಿಂಡ ಸರಿಯಿದ್ದವರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ ಸುಮಾರು 1.2 ಗ್ರಾಂ, 70 ಕೆ.ಜಿ. ಇದ್ದರೆ 84 ಗ್ರಾಂ. ಒಂದೇ ಊಟಕ್ಕೆ ತುರುಕದೆ ಮೂರು ಹೊತ್ತಿಗೂ ಹಂಚಿ.

ಎರಡು ಮೂರು ತಿಂಗಳಾದರೂ ಸುಸ್ತು ಜಗ್ಗದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ ಪರೀಕ್ಷೆ ಕೇಳಿ. ಹಾರ್ಮೋನ್ ಚಿಕಿತ್ಸೆಯಿಂದಲೇ ರಕ್ತ ಕಡಿಮೆಯಾಗಿದ್ದರೆ ಕಬ್ಬಿಣದ ಮಾತ್ರೆ ಕೆಲಸ ಮಾಡುವುದಿಲ್ಲ, ಕಬ್ಬಿಣದ ಕೊರತೆ ಇದೆಯೆಂದು ಖಚಿತವಾದ ಮೇಲೆ ನುಂಗಿ. ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಖಿನ್ನತೆ ಸುಸ್ತಿನ ವೇಷದಲ್ಲೂ ಬರುತ್ತದೆ.

ಇಂಜೆಕ್ಷನ್ ನಿಲ್ಲಿಸಿದ ಕೂಡಲೇ ಟೆಸ್ಟೋಸ್ಟೆರಾನ್ ಮರಳುವುದಿಲ್ಲ, ತಿಂಗಳುಗಳೇ ಬೇಕು. ವಯಸ್ಸಾದ ಕೆಲವರಲ್ಲಿ ಪೂರ್ತಿ ಮರಳದೆಯೂ ಇರಬಹುದು. ಬೇಗ ಬರಲೆಂದು ಟೆಸ್ಟೋಸ್ಟೆರಾನ್ ಔಷಧಿಯನ್ನಾಗಲಿ, "ಪುರುಷ ಶಕ್ತಿ"ಯ ಪುಡಿಗಳನ್ನಾಗಲಿ ಸ್ವಂತಕ್ಕೆ ಕೊಂಡು ತಿನ್ನಬೇಡಿ. ಈ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಅನ್ನೇ ನೆಚ್ಚಿ ಬೆಳೆಯುವಂಥದ್ದು.