ಮಾಸ್ಟ್ರೊಯಾನಿಯ ಬಾಯಿ, ಸೊರ್ದಿಯ ದನಿ

1950ರ ‘ಡೊಮೆನಿಕಾ ದಗೋಸ್ತೊ’ ಚಿತ್ರದಲ್ಲಿ ಇಟಲಿಯ ನಟ ಮಾರ್ಚೆಲ್ಲೊ ಮಾಸ್ಟ್ರೊಯಾನಿ ಟ್ರಾಫಿಕ್ ಪೊಲೀಸ್. ಮುಖ ಅವನದೇ, ದನಿ ಮಾತ್ರ ಇನ್ನೊಬ್ಬ ನಟ ಆಲ್ಬೆರ್ತೊ ಸೊರ್ದಿಯದು! ಆಗಿನ ಇಟಲಿಯಲ್ಲಿ ಇದೇನೂ ವಿಶೇಷವಲ್ಲ. ಮಾತನ್ನೆಲ್ಲ ಹೆಚ್ಚಾಗಿ ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕೂರಿಸುತ್ತಿದ್ದರು. ನಿರ್ದೇಶಕ ಫೆಲಿನಿಯಂತೂ ಸಂಭಾಷಣೆ ಇನ್ನೂ ಸಿದ್ಧವಿಲ್ಲದಿದ್ದರೆ ನಟರಿಂದ ಬರೀ ಅಂಕಿ ಹೇಳಿಸುತ್ತಿದ್ದ. ಹಾಗಾಗಿಯೇ ಕೆಲವು ಕಡೆ ತುಟಿ ಒಂದು ದಾರಿ, ಮಾತು ಇನ್ನೊಂದು ದಾರಿ. ಪ್ರಿಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಇಂಥ ಪದ್ಧತಿಯಲ್ಲಿ ನಟನಿಗೆ ಉಳಿಯುವುದು ಕಣ್ಣು, ಭುಜ, ನಡಿಗೆ. 1961ರ ‘ಡಿವೋರ್ಸ್ ಇಟಾಲಿಯನ್ ಸ್ಟೈಲ್’ ನೋಡಿ: ಎಣ್ಣೆ ಹಚ್ಚಿ ಬಾಚಿದ ಕೂದಲು, ಸಣ್ಣ ಮೀಸೆ, ಬಾಯಿಯ ಮೂಲೆಯಲ್ಲಿ ಆಗಾಗ ಒಂದು ‘ಚ್ಕ್’ ಸೆಳೆತ. ಅವನು ಆಡುವ ಕುಲೀನ ಬ್ಯಾರನ್ನನ ಸಣ್ಣತನವೆಲ್ಲ ಆ ಸೆಳೆತದಲ್ಲೇ ಇದೆ. ಹಿಂದಿನ ವರ್ಷವಷ್ಟೇ ಫೆಲಿನಿಯ ‘ಲಾ ದೊಲ್ಚೆ ವೀಟಾ’ದಲ್ಲಿ ರೋಮಿನ ಟ್ರೆವಿ ಕಾರಂಜಿಗೆ ಇಳಿದಿದ್ದ ಚೆಲುವ ಇವನೇನಾ ಅನ್ನಿಸಬೇಕು. (ಚಳಿಗೆ ಆ ದೃಶ್ಯದಲ್ಲಿ ಸೂಟಿನೊಳಗೆ ಮೈ ಬೆಚ್ಚಗಿಡುವ ವೆಟ್‌ಸೂಟ್ ತೊಟ್ಟಿದ್ದನಂತೆ.)

ಆಸ್ಕರ್‌ಗೆ ಮೂರು ಸಲ ನಾಮನಿರ್ದೇಶನ, ಒಂದೂ ಕೈಗೆ ಬರಲಿಲ್ಲ. ಕಾನ್ ಚಿತ್ರೋತ್ಸವದಲ್ಲಿ ಎರಡು ಸಲ ಶ್ರೇಷ್ಠ ನಟ, 1970 ಮತ್ತು 1987. ನನ್ನ ಮತ ಮಾತ್ರ 1977ರ ‘ಎ ಸ್ಪೆಷಲ್ ಡೇ’ಗೆ. ಹಿಟ್ಲರ್ ರೋಮಿಗೆ ಬಂದ ದಿನ, ಸಲಿಂಗಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ರೇಡಿಯೋ ಉದ್ಘೋಷಕ, ಪಕ್ಕದಲ್ಲಿ ಮೇಕಪ್ಪಿಲ್ಲದಂತೆ ಕಾಣುವ ಸೋಫಿಯಾ ಲೊರೆನ್.

1996ರ ಡಿಸೆಂಬರ್ 19ರಂದು ಪ್ಯಾರಿಸಿನಲ್ಲಿ ತೀರಿಕೊಂಡ. ರೋಮಿನಲ್ಲಿ ಟ್ರೆವಿಯ ನೀರು ನಿಲ್ಲಿಸಿ, ಕಪ್ಪು ಬಟ್ಟೆ ಇಳಿಬಿಟ್ಟರು.