ಭೀಮನ ಕಿವಿ ನಿಲ್ಲಲಿ ಅಂತ ಕೊಟ್ಟ ಸಿರಪ್

ಭೀಮ ನಮ್ಮ ಜರ್ಮನ್ ಶೆಫರ್ಡ್ ಮರಿ, ಆಗ ನಾಲ್ಕೂವರೆ ತಿಂಗಳು. ದಿನಾ ಹಾಲಿನವರು ಗೇಟ್ ತೆಗೆಯೋ ಸದ್ದಿಗೇ ಓಡೋನು ಆ ಶನಿವಾರ ಎದ್ದೇ ಇಲ್ಲ, ಕರೆದ್ರೆ ಮುಂದಿನ ಎಡಗಾಲು ಊರದೆ ಕುಂಟ್ಕೊಂಡು ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗ್ಬಿಟ್ಟ. ಮಣಿಕಟ್ಟಿನ ಹತ್ರ ಮುಟ್ಟಿದ್ರೆ ಬಿಸಿ, ಸ್ವಲ್ಪ ಊತ. ನಂಗೆ ಕೈಕಾಲೇ ಆಡ್ಲಿಲ್ಲ.

ಮತ್ತಿಕೆರೆಯಿಂದ ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೆಗೆ ಹೋಗೋಣ ಅಂದ್ರೆ ನಾಯಿ ನೋಡಿ ಎರಡು ಆಟೋ ನಿಲ್ಲಿಸ್ಲೇ ಇಲ್ಲ, ಮೂರನೆಯವರು ತಾವೇ ಗೋಣಿಚೀಲ ಹಾಸಿ ಕೂರಿಸ್ಕೊಂಡ್ರು.

ಡಾಕ್ಟರ್ ಮೊದಲು ಕೇಳಿದ್ದು, ಏನೇನು ತಿನ್ನಿಸ್ತೀರ ಅಂತ. ಎಲ್ಲಾ ಹೇಳ್ದೆ. ಮೂರು ಹೊತ್ತು ಪಪ್ಪಿ ಫುಡ್, ಬೆಳಗ್ಗೆ ಹಾಲು ಹಾಕಿ ರಾಗಿ ಗಂಜಿ, ಎರಡು ಮೊಟ್ಟೆ, ಅಮ್ಮ ಮೊಟ್ಟೆ ಸಿಪ್ಪೆ ಒಣಗಿಸಿ ಕುಟ್ಟಿ ಒಂದು ಚಮಚ ಪುಡಿ ಹಾಕ್ತಾರೆ, ಮೇಲೆ ಎರಡು ಹೊತ್ತು ಕ್ಯಾಲ್ಸಿಯಂ ಸಿರಪ್. ಸಿರಪ್ ಒಂದು ಪೆಟ್ ಶಾಪ್‌ನಲ್ಲಿ ಕೊಟ್ಟಿದ್ದು, ದೊಡ್ಡ ತಳಿ ಸರ್, ಕ್ಯಾಲ್ಸಿಯಂ ಕೊಡ್ದಿದ್ರೆ ಕಿವಿ ನಿಲ್ಲಲ್ಲ ಅಂದಿದ್ರು.

ಕಿವಿ ಮೃದ್ವಸ್ಥಿ, ಅಂದ್ರೆ ಮೂಳೆಗಿಂತ ಮೆತ್ತಗೆ ಬಗ್ಗೋ ಭಾಗ, ಅದಕ್ಕೂ ಸಿರಪ್‌ಗೂ ಸಂಬಂಧ ಇಲ್ಲ ಅಂದ್ರು ಡಾಕ್ಟರ್. ಎಕ್ಸ್‌ರೇಲಿ ಮುರಿದಿರ್ಲಿಲ್ಲ, ಮೂಳೆ ಬೆಳೆಯೋ ಜಾಗದಲ್ಲೇ ತೊಂದರೆ ಶುರುವಾಗಿತ್ತು. ಸಿರಪ್ ಒಂದೇ ಕಾರಣ ಅಂತ ಅವ್ರು ಹೇಳ್ಲಿಲ್ಲ, ಆದ್ರೆ ಇವತ್ತೇ ನಿಲ್ಲಿಸಿ ಅಂದ್ರು. ಬೆಳೆದ ನಾಯಿ ಹೆಚ್ಚಾದ ಕ್ಯಾಲ್ಸಿಯಂ ಹೀರದೆ ಹೊರಗೆ ಬಿಟ್ಬಿಡುತ್ತಂತೆ, ಆದ್ರೆ ಸುಮಾರು ಆರು ತಿಂಗಳ ತನಕ ಮರಿ ಕರುಳಿಗೆ ಅದು ಸರಿಯಾಗಿ ಬರಲ್ಲ, ಕೊಟ್ಟಷ್ಟೂ ಒಳಗೆ ಹೋಗಿ ಮೃದ್ವಸ್ಥಿ ಮೂಳೆಯಾಗೋ ಕೆಲಸಾನೇ ಕೆಡಿಸುತ್ತೆ. ಜೊತೆಗೆ ಮೈ ಬೇಗ ತುಂಬ್ಕೊಂಡ್ರೆ ಎಳೇ ಕೀಲಿನ ಮೇಲೆ ಭಾರ. ದುಂಡಗಿದ್ದಾನೆ ಅಂತ ಬೀದಿಯವರೆಲ್ಲ ಹೊಗಳ್ತಿದ್ರು, ಡಾಕ್ಟರ್ ನನ್ನ ಕೈ ಹಿಡಿದು ಅವನ ಪಕ್ಕೆ ಮೇಲಿಟ್ಟು ಎಲುಬು ಸಿಗುತ್ತಾ ನೋಡಿ ಅಂದ್ರು, ಒತ್ತಿದ್ರೂ ಸಿಗ್ಲಿಲ್ಲ.

ರಾಗಿಗೆ ಹೆದರ್ಬೇಡಿ, ಒಂದು ಹಿಡಿಯಿಂದ ಏನೂ ಆಗಲ್ಲ ಅಂದ್ರು. ಲೆಕ್ಕ ಕೆಡ್ಸಿದ್ದು ಸಿಪ್ಪೆ ಪುಡಿ, ಒಂದು ಚಮಚದಲ್ಲೇ ಸುಮಾರು 2000 ಮಿಲಿಗ್ರಾಂ ಕ್ಯಾಲ್ಸಿಯಂ, 100 ಗ್ರಾಂ ರಾಗೀಲಿ ಇರೋದು ಸುಮಾರು 350. ಹಾಗಂತ ಬರೀ ಚಿಕನ್ ಅನ್ನ ಹಾಕಿ ಸಾಕೋರಿಗೆ ಉಲ್ಟಾ ಕಷ್ಟ, ಕ್ಯಾಲ್ಸಿಯಂ ಸಾಲ್ದೆ ಕಾಲು ಸೊಟ್ಟಗಾಗುತ್ತೆ, ಅವ್ರು ಡಾಕ್ಟರ್ ಹತ್ರ ಲೆಕ್ಕ ಹಾಕಿಸ್ಕೊಂಡೇ ಹಾಕ್ಬೇಕು.

ರಾತ್ರಿ ಫುಡ್ ಚೀಲದ ಹಿಂಭಾಗ ಮೊದಲನೇ ಸಲ ಓದಿದೆ. ಬರೀ ಪಪ್ಪಿ ಅಂತಿತ್ತು. ಈಗ ಲಾರ್ಜ್ ಬ್ರೀಡ್ ಪಪ್ಪಿ ಅಂತ ಇರೋದು ತರ್ತೀವಿ, ನೀರಿನಂಶ ಬಿಟ್ಟು ಉಳಿದ ಒಣ ಅಂಶದ ಲೆಕ್ಕದಲ್ಲಿ ಕ್ಯಾಲ್ಸಿಯಂ 1.8 ಪರ್ಸೆಂಟ್ ದಾಟ್ಬಾರ್ದು. ಹಳೇದಕ್ಕೆ ಸ್ವಲ್ಪ ಸ್ವಲ್ಪ ಬೆರೆಸ್ತಾ ಹತ್ತು ದಿನದಲ್ಲಿ ಬದಲಾಯಿಸಿದ್ವಿ, ಅಡುಗೆಮನೆ ತಕ್ಕಡೀಲಿ ತೂಗಿ ಹಾಕ್ತೀವಿ, ಅವನು ಬಟ್ಟಲು ನೆಕ್ಕಿ ನೋಡಿದ್ರೂ ಇನ್ನೊಂದು ಹಿಡಿ ಇಲ್ಲ, ಅದು ಅಮ್ಮನಿಗೇ ಜಾಸ್ತಿ ಸಂಕಟ.

ಮೂರು ವಾರಕ್ಕೆ ಕುಂಟೋದು ನಿಂತಿತು. ಮೊಟ್ಟೆ ಸಿಪ್ಪೆ ಈಗ ದಾಸವಾಳದ ಕುಂಡಕ್ಕೆ ಹೋಗುತ್ತೆ. ಬಿದ್ದಿದ್ದ ಎಡಗಿವಿ ಆರನೇ ತಿಂಗಳಲ್ಲಿ ತಾನಾಗೇ ನಿಂತ್ಕೊಂತು.